ವಿಡಿಯೊ ಆಟಗಳಲ್ಲಿ ನಿಸರ್ಗ ಮತ್ತು ಯಂತ್ರ: ಕಥೆ ಒಂದು, ಲೆಕ್ಕ ಇನ್ನೊಂದು

(ಬಳಗದ ಅಧ್ಯಯನ ಶಿಬಿರದಲ್ಲಿ ಶಿಕ್ಷಕರು, ಪೋಷಕರು ಹಾಗೂ ಪರಿಸರ ಕಾರ್ಯಕರ್ತರ ಮುಂದೆ ಮಂಡಿಸಿದ ಉಪನ್ಯಾಸದ ಪಠ್ಯ)



ಕಾಡು, ನದಿ, ಗಣಿ, ಅಣೆಕಟ್ಟುಗಳ ಚಿಂತನೆಗಾಗಿ ಕೂಡಿದ ಸಭೆಯಲ್ಲಿ ವಿಡಿಯೊ ಆಟಗಳ ಪ್ರಸ್ತಾಪ ಅಸಂಗತವೆಂದು ಕೆಲವರಿಗಾದರೂ ತೋರಬಹುದು. ಮಕ್ಕಳನ್ನು ಅಂಗಳದಿಂದ ಒಳಮನೆಗೆ ಸೆಳೆದ ವ್ಯಸನವೆಂದು ಅವುಗಳನ್ನು ಬದಿಗೆ ಸರಿಸುವುದು ಪರಿಸರ ವಲಯದ ರೂಢಿ. ಆ ದೂರಿನಲ್ಲಿ ಹುರುಳಿದೆ. ಆದರೆ ದೂರಿನಾಚೆಗೆ ಗಮನಿಸಬೇಕಾದ ಇನ್ನೊಂದು ಸಂಗತಿಯೂ ಇದೆ. ನಿಸರ್ಗಕ್ಕೂ ಯಂತ್ರನಾಗರಿಕತೆಗೂ ನಡುವಣ ತಿಕ್ಕಾಟವನ್ನು ಈ ಆಟಗಳು ಕಳೆದ ಮೂರೂವರೆ ದಶಕಗಳಿಂದ ಮತ್ತೆ ಮತ್ತೆ ತಮ್ಮ ವಸ್ತುವನ್ನಾಗಿ ಮಾಡಿಕೊಂಡಿವೆ. ಅಣೆಕಟ್ಟು ಎಂದರೇನು, ಕಾಡಿನಿಂದ ಏನು ಪ್ರಯೋಜನ, ಮಾಲಿನ್ಯದ ಫಲ ಯಾರಿಗೆ ತಟ್ಟುತ್ತದೆ ಎಂಬ ಪ್ರಶ್ನೆಗಳಿಗೆ ಜಗತ್ತಿನ ಅಸಂಖ್ಯ ಎಳೆಯರು ಮೊದಲ ಉತ್ತರವನ್ನು ಪಡೆಯುತ್ತಿರುವುದು ಪಠ್ಯಪುಸ್ತಕದಿಂದಲ್ಲ, ಪರದೆಯಿಂದ. ಮೊಬೈಲ್ ಬಂದ ಮೇಲೆ ಮಲೆನಾಡಿನ ಹಳ್ಳಿಗಳೂ ಇದಕ್ಕೆ ಹೊರತಾಗಿ ಉಳಿದಿಲ್ಲ. ಆದ್ದರಿಂದ ಆ ಉತ್ತರಗಳು ಎಂಥವು ಎಂಬ ವಿಚಾರಣೆ ಪರಿಸರ ಚಳವಳಿಯ ಕೆಲಸವೇ ಆಗಿದೆ.

ಪಟದ ಮೇಲಿನ ಪಾಠ

ಆಟದ ಮೂಲಕ ಲೋಕನೀತಿಯನ್ನು ಕಲಿಸುವುದು ಹೊಸತೇನಲ್ಲ. ಪರಮಪದ ಸೋಪಾನದ ಪಟದಲ್ಲಿ ಏಣಿಯ ಬುಡದಲ್ಲಿ ಸದ್ಗುಣದ ಹೆಸರಿರುತ್ತಿತ್ತು, ಹಾವಿನ ಹೆಡೆಯಲ್ಲಿ ದುರ್ಗುಣದ ಹೆಸರು. ಕವಡೆ ಎಸೆದು ಕಾಯಿ ನಡೆಸುವ ಮಗು ಯಾವುದು ಮೇಲಕ್ಕೆ ಒಯ್ಯುತ್ತದೆ, ಯಾವುದು ಕೆಳಕ್ಕೆ ತಳ್ಳುತ್ತದೆ ಎಂಬುದನ್ನು ಉಪದೇಶವಿಲ್ಲದೆಯೇ ಗ್ರಹಿಸುತ್ತಿತ್ತು. ಪಟ ಬರೆದವನ ಧರ್ಮವಿಚಾರವೆಲ್ಲ ಮನೆಗಳ ಜೋಡಣೆಯಲ್ಲಿ ಅಡಗಿತ್ತು.

ವಿಡಿಯೊ ಆಟವೂ ಇಂಥದೇ ಒಂದು ಪಟ. ಅದಕ್ಕೆ ಎರಡು ಪದರಗಳಿವೆ. ಮೊದಲನೆಯದು ಕಥೆ, ಯಾರು ನಾಯಕ, ಯಾರು ಖಳ, ಕೊನೆಗೆ ಏನಾಯಿತು ಎಂಬುದು. ಎರಡನೆಯದು ಲೆಕ್ಕ, ಯಾವ ಕೆಲಸಕ್ಕೆ ಅಂಕ ಸಿಗುತ್ತದೆ, ಯಾವುದಕ್ಕೆ ವೆಚ್ಚ ತಗಲುತ್ತದೆ, ಯಾವುದು ಲೆಕ್ಕಕ್ಕೇ ಬರುವುದಿಲ್ಲ ಎಂಬುದು. ಕಥೆಯನ್ನು ಆಟಗಾರ ಒಮ್ಮೆ ಕೇಳುತ್ತಾನೆ. ಲೆಕ್ಕವನ್ನು ನೂರಾರು ಗಂಟೆ ಕೈಯಾರೆ ಮಾಡುತ್ತಾನೆ. ನಿಸರ್ಗದ ಬಗೆಗೆ ಒಂದು ಆಟದ ನಿಜವಾದ ನಿಲುವನ್ನು ತಿಳಿಯಬೇಕಾದರೆ ಅದರ ಕಥೆಯ ಜತೆಗೆ ಲೆಕ್ಕವನ್ನೂ ಓದಬೇಕೆಂಬುದು ಈ ಉಪನ್ಯಾಸದ ಪ್ರತಿಪಾದನೆ.

ಭೂಮಿಯ ಪ್ರಾಣವನ್ನು ಹೀರುವ ನಗರ

ಕಥೆಯ ಮಟ್ಟದಲ್ಲಿ ಈ ಸಂಘರ್ಷ ಬಹಳ ಹಿಂದೆಯೇ ಕಾಣಿಸಿಕೊಂಡಿತು. ಜಪಾನಿನ ಸೆಗಾ ಸಂಸ್ಥೆ 1991ರಲ್ಲಿ ಹೊರತಂದ ‘ಸೋನಿಕ್ ದ ಹೆಡ್ಜ್‌ಹಾಗ್’ ಚಿಕ್ಕ ಮಕ್ಕಳ ಓಟದ ಆಟ. ಅಲ್ಲಿಯೂ ಖಳನಾದ ವಿಜ್ಞಾನಿ ಕಾಡಿನ ಸಣ್ಣಪುಟ್ಟ ಪ್ರಾಣಿಗಳನ್ನು ಹಿಡಿದು ಯಂತ್ರಗಳೊಳಗೆ ಬಂಧಿಸುತ್ತಾನೆ. ಆಟಗಾರ ಯಂತ್ರವನ್ನು ಒಡೆದಾಗಲೆಲ್ಲ ಒಳಗಿನಿಂದ ಒಂದು ಮೊಲವೋ ಹಕ್ಕಿಯೋ ನೆಗೆದು ಓಡುತ್ತದೆ. ಹಸಿರು ಗುಡ್ಡದಲ್ಲಿ ಆರಂಭವಾಗುವ ಓಟ ಕಾರ್ಖಾನೆಯ ಗುಜರಿಯಲ್ಲಿ ಮುಗಿಯುತ್ತದೆ.

ಇದೇ ವಸ್ತು ಪ್ರೌಢ ರೂಪ ಪಡೆದದ್ದು 1997ರ ‘ಫೈನಲ್ ಫ್ಯಾಂಟಸಿ 7’ರಲ್ಲಿ. ಸ್ಕ್ವೇರ್ ಸಂಸ್ಥೆ ಪ್ಲೇಸ್ಟೇಷನ್‌ಗಾಗಿ ಸಿದ್ಧಪಡಿಸಿದ ಈ ಆಟದ ನಿರ್ದೇಶಕರು ಯೊಶಿನೊರಿ ಕಿತಾಸೆ. ಮಿಡ್‌ಗಾರ್ ಎಂಬ ಉಕ್ಕಿನ ಮಹಾನಗರ, ಅದನ್ನು ಸುತ್ತುವರಿದ ಎಂಟು ಸ್ಥಾವರಗಳು, ಅವುಗಳ ಒಡೆತನ ಶಿನ್ರಾ ಎಂಬ ಕಂಪನಿಯದು. ಸ್ಥಾವರಗಳು ನೆಲದಾಳದಿಂದ ‘ಮಾಕೋ’ ಎಂಬ ಶಕ್ತಿಯನ್ನು ಹೀರಿ ವಿದ್ಯುತ್ ನೀಡುತ್ತವೆ. ಮಾಕೋ ಎಂಬುದು ಭೂಮಿಯ ಜೀವಪ್ರವಾಹವೇ ಆಗಿದೆ. ಸತ್ತ ಜೀವಿಗಳೆಲ್ಲ ಅದರಲ್ಲಿ ಸೇರಿ ಮತ್ತೆ ಅದರಿಂದಲೇ ಹುಟ್ಟುತ್ತವೆ ಎಂಬುದು ಕಥೆಯ ತಿರುಳು. ನಗರದ ಮೇಲ್ತಟ್ಟಿನಲ್ಲಿ ಉಳ್ಳವರು, ಅದರ ನೆರಳಿನಲ್ಲಿ ಬಿಸಿಲೇ ಕಾಣದ ಕೊಳೆಗೇರಿಗಳು. ಅಲ್ಲಿ ಒಂದು ಪಾಳು ಇಗರ್ಜಿಯ ನೆಲದಲ್ಲಿ ಹುಡುಗಿಯೊಬ್ಬಳು ಹೂ ಬೆಳೆಯುತ್ತಾಳೆ.

ಈ ಆಟದ ಅತ್ಯಂತ ಮಾರ್ಮಿಕ ಭಾಗ ನಗರದ್ದಲ್ಲ, ಕೋರೆಲ್ ಎಂಬ ಬೆಟ್ಟದೂರಿನದು. ಕಲ್ಲಿದ್ದಲನ್ನು ನೆಚ್ಚಿ ಬದುಕಿದ್ದ ಆ ಊರಿಗೆ ಶಿನ್ರಾದವರು ಸ್ಥಾವರದ ಪ್ರಸ್ತಾಪ ತರುತ್ತಾರೆ. ಬ್ಯಾರೆಟ್ ಎಂಬವನು ಇನ್ನು ಕಲ್ಲಿದ್ದಲಿಗೆ ಕಾಲವಿಲ್ಲವೆಂದು ಊರಿನವರ ಮುಂದೆ ಯೋಜನೆಯ ಪರವಾಗಿ ಮಾತನಾಡುತ್ತಾನೆ. ವಿರೋಧಿಸಿದವನು ಅವನ ಗೆಳೆಯನೊಬ್ಬನೇ. ಕೊನೆಗೆ ಊರು ಒಪ್ಪುತ್ತದೆ. ಸ್ಥಾವರದಲ್ಲಿ ಅಪಘಾತವಾದಾಗ ಕಂಪನಿ ಅದರ ಹೊಣೆಯನ್ನು ಊರಿನವರ ಮೇಲೆ ಹೊರಿಸಿ ಊರನ್ನೇ ಸುಡುತ್ತದೆ. ಉಳಿದವರು ಗುಡಾರಗಳಲ್ಲಿ ಬದುಕುತ್ತಾರೆ. ಅದೇ ಜಾಗದಿಂದ ಸಿರಿವಂತರ ವಿನೋದನಗರಿಗೆ ತೂಗುತೊಟ್ಟಿಲ ದಾರಿ ಹೊರಡುತ್ತದೆ. ಬ್ಯಾರೆಟ್ ಮುಂದೆ ಸ್ಥಾವರಗಳನ್ನು ಸ್ಫೋಟಿಸುವ ಬಂಡುಕೋರನಾಗುತ್ತಾನೆ. ಮಿನಮಾಟದ ಪಾದರಸ ದುರಂತವನ್ನು ಕಂಡ ದೇಶದಲ್ಲಿ ಹುಟ್ಟಿದ ಈ ಕಥನ ಯೋಜನೆಗಳು ಊರಿನ ಒಪ್ಪಿಗೆಯನ್ನು ಹೇಗೆ ಪಡೆಯುತ್ತವೆ, ಒಪ್ಪಿದವರ ಪಾಪಪ್ರಜ್ಞೆ ಎಂಥದು ಎಂಬುದನ್ನು ಅನೇಕ ವರದಿಗಳಿಗಿಂತ ಸ್ಪಷ್ಟವಾಗಿ ಹೇಳುತ್ತದೆ.

ಇಷ್ಟು ಕಥೆಯಾಯಿತು. ಲೆಕ್ಕವೇನು? ಆಟಗಾರನ ಪಕ್ಷ ಕಾದಾಡುವುದು ‘ಮಟೀರಿಯಾ’ ಎಂಬ ಮಂತ್ರಮಣಿಗಳಿಂದ. ಮಣಿ ಹೆಚ್ಚಿದಷ್ಟೂ ಬಲ ಹೆಚ್ಚು. ಮಟೀರಿಯಾ ಎಂದರೆ ಹರಳುಗಟ್ಟಿದ ಮಾಕೋ ಎಂದು ಆಟವೇ ವಿವರಿಸುತ್ತದೆ. ಭೂಮಿಯ ಪ್ರಾಣವನ್ನು ಹೀರಬಾರದೆಂದು ಹೋರಾಡುವ ಪಕ್ಷ ಅದೇ ಪ್ರಾಣದ ಹರಳುಗಳನ್ನು ಕೂಡಿಹಾಕಿ ಗೆಲ್ಲುತ್ತದೆ. ಇದನ್ನು ಕಥೆಗಾರರ ಎಡವಟ್ಟು ಎನ್ನಬಹುದು. ವಿದ್ಯುತ್ ಬಳಸುತ್ತಲೇ ವಿದ್ಯುತ್ ಯೋಜನೆಗಳನ್ನು ವಿರೋಧಿಸುವ ಆಧುನಿಕ ಮನುಷ್ಯನ ಇಕ್ಕಟ್ಟಿನ ಚಿತ್ರವೆಂದೂ ಎನ್ನಬಹುದು. ಎರಡನೆಯ ಓದು ಹೆಚ್ಚು ಪ್ರಯೋಜನಕಾರಿ.

ಇನ್ನೊಂದು ಕೊರತೆ ಚಳವಳಿಯಲ್ಲಿ ತೊಡಗಿದವರ ಕಣ್ಣಿಗೆ ಬೇಗ ಬೀಳುತ್ತದೆ. ಈ ಲೋಕದಲ್ಲಿ ಪ್ರತಿರೋಧಕ್ಕೆ ಇರುವ ದಾರಿ ಬಾಂಬು ಮತ್ತು ಕತ್ತಿ ಮಾತ್ರ. 1983ರಲ್ಲಿ ಶಿರಸಿ ಬಳಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಅಂಥ ಕ್ರಿಯೆಗೆ ಇಲ್ಲಿ ಗುಂಡಿಯೇ ಇಲ್ಲ. 2020ರಲ್ಲಿ ಬಂದ ಈ ಆಟದ ಪುನರ್ನಿರ್ಮಾಣ ಸ್ಫೋಟದ ನಂತರ ಬೀದಿಯ ಸಾಮಾನ್ಯ ಜನ ಪಟ್ಟ ಪಾಡನ್ನು ಹೆಚ್ಚು ವಿವರವಾಗಿ ತೋರಿಸುತ್ತದೆಯಾದರೂ ದಾರಿ ಬದಲಾಗುವುದಿಲ್ಲ.

ಒಂದೇ ಗಣಿತ, ಎರಡು ಫಲ

ಲೆಕ್ಕವೇ ಪ್ರಧಾನವಾದ ಆಟಗಳ ವಂಶಾವಳಿ ಕುತೂಹಲಕರವಾಗಿದೆ. ಅಮೆರಿಕದ ಎಂಐಟಿಯಲ್ಲಿದ್ದ ಜೇ ಫಾರೆಸ್ಟರ್ ಎಂಬ ವಿದ್ವಾಂಸ ನಗರದ ಏಳುಬೀಳುಗಳನ್ನು ಗಣಿತ ಸಮೀಕರಣಗಳಲ್ಲಿ ಹಿಡಿಯಲು ಯತ್ನಿಸಿ 1969ರಲ್ಲಿ ‘ಅರ್ಬನ್ ಡೈನಮಿಕ್ಸ್’ ಎಂಬ ಗ್ರಂಥ ಪ್ರಕಟಿಸಿದರು. ಜನಸಂಖ್ಯೆ, ವಸತಿ, ಉದ್ಯೋಗಗಳು ಒಂದನ್ನೊಂದು ಹೇಗೆ ಏರಿಸುತ್ತವೆ, ಇಳಿಸುತ್ತವೆ ಎಂಬುದನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡುವ ವಿಧಾನವದು. ಮುಂದೆ ಕ್ಲಬ್ ಆಫ್ ರೋಮ್‌ನ ಕೋರಿಕೆಯ ಮೇರೆಗೆ ಅವರು ಅದೇ ವಿಧಾನವನ್ನು ಇಡೀ ಜಗತ್ತಿಗೆ ಅನ್ವಯಿಸಿದರು. ಅವರ ಜಾಡಿನಲ್ಲಿ ಸಾಗಿದ ಡೊನೆಲಾ ಮೆಡೋಸ್ ಮತ್ತು ಸಂಗಡಿಗರು 1972ರಲ್ಲಿ ‘ದ ಲಿಮಿಟ್ಸ್ ಟು ಗ್ರೋತ್’ ವರದಿಯನ್ನು ಹೊರತಂದರು. ಸೀಮಿತ ಭೂಮಿಯಲ್ಲಿ ಅಸೀಮ ಬೆಳವಣಿಗೆ ಸಾಧ್ಯವಿಲ್ಲವೆಂಬ ಅದರ ಎಚ್ಚರಿಕೆ ವಿಶ್ವದ ಪರಿಸರ ಚಿಂತನೆಯ ಅಡಿಗಲ್ಲುಗಳಲ್ಲಿ ಒಂದಾಯಿತು.

ಫಾರೆಸ್ಟರ್ ಅವರ ಅದೇ ಗ್ರಂಥವನ್ನು ಓದಿ ಪ್ರೇರಿತರಾದ ಇನ್ನೊಬ್ಬರು ವಿಲ್ ರೈಟ್ ಎಂಬ ಆಟ ನಿರ್ಮಾಪಕ. 1984ರಲ್ಲಿ ಹೆಲಿಕಾಪ್ಟರಿನಿಂದ ದ್ವೀಪಗಳ ಮೇಲೆ ಬಾಂಬು ಹಾಕುವ ಆಟವೊಂದನ್ನು ರಚಿಸುತ್ತಿದ್ದಾಗ ಬಾಂಬು ಹಾಕುವುದಕ್ಕಿಂತ ದ್ವೀಪಗಳನ್ನು ಕಟ್ಟುವುದೇ ಹೆಚ್ಚು ರಂಜನೀಯವೆಂದು ಅವರಿಗೆ ತೋರಿತು. ಅದರ ಫಲ 1989ರ ‘ಸಿಮ್‌ಸಿಟಿ’. ಆಟಗಾರನೇ ನಗರಾಧ್ಯಕ್ಷ. ಬರಿದಾದ ನೆಲ, ಒಂದಿಷ್ಟು ಮರ, ಒಂದು ನದಿ. ವಸತಿ, ವ್ಯಾಪಾರ, ಕೈಗಾರಿಕೆಗಳಿಗೆ ಜಾಗ ಗುರುತಿಸಿ ರಸ್ತೆ, ವಿದ್ಯುತ್ತು ಒದಗಿಸಿದರೆ ನಗರ ತಾನೇ ಬೆಳೆಯುತ್ತದೆ. ಕಲ್ಲಿದ್ದಲ ಸ್ಥಾವರ ಹೊಗೆ ಕಾರುತ್ತದೆ. ಪರಮಾಣು ಸ್ಥಾವರ ಸ್ವಚ್ಛ, ಆದರೆ ಸ್ಫೋಟಿಸಬಹುದು. ಮಾಲಿನ್ಯ ಏರಿದರೆ ಜಮೀನಿನ ಬೆಲೆ ಇಳಿಯುತ್ತದೆ. ಮಕ್ಕಳ ಆಟದಲ್ಲಿ ಮಾಲಿನ್ಯ ಲೆಕ್ಕಕ್ಕೆ ಬಂದದ್ದೇ ಆ ಕಾಲಕ್ಕೆ ದೊಡ್ಡ ಸಂಗತಿ. ಆದರೆ ಅದು ಲೆಕ್ಕಕ್ಕೆ ಬಂದದ್ದು ಆಸ್ತಿಬೆಲೆಗೆ ತಗಲುವ ಹಾನಿಯಾಗಿ. ಬುಲ್ಡೋಜರ್ ಓಡಿಸಿ ಮರ ತೆಗೆಯಲು ತಗಲುವುದು ಅತ್ಯಲ್ಪ ವೆಚ್ಚ. ಅಲ್ಲಿ ಮೊದಲು ಏನಿತ್ತೆಂಬ ನೆನಪು ಆಟಕ್ಕಿಲ್ಲ. ಬೆಳವಣಿಗೆಯ ಮಿತಿಯನ್ನು ತೋರಿಸಿದ ಗಣಿತವೇ ಬೆಳವಣಿಗೆಯನ್ನು ವಿನೋದವಾಗಿಯೂ ಪರಿವರ್ತಿಸಿತು. ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕೆಂಬ ನಿರ್ಧಾರ ಮಾತ್ರ ಎರಡು ಕಡೆ ಬೇರೆಯಾಗಿತ್ತು.

ವಿಲ್ ರೈಟ್ ಮರುವರ್ಷವೇ ಇನ್ನೊಂದು ದಿಕ್ಕಿನಲ್ಲಿ ಯತ್ನಿಸಿದ್ದನ್ನು ಇಲ್ಲಿ ಹೇಳಲೇಬೇಕು. 1990ರ ‘ಸಿಮ್‌ಅರ್ಥ್’ ಜೇಮ್ಸ್ ಲವ್‌ಲಾಕ್ ಅವರ ಗಾಯಾ ಸಿದ್ಧಾಂತವನ್ನು ಆಧರಿಸಿತ್ತು. ಸ್ವತಃ ಲವ್‌ಲಾಕ್ ಸಲಹೆ ನೀಡಿದ್ದರು. ಭೂಮಿಯ ಜೀವಸಂಕುಲವೂ ವಾತಾವರಣವೂ ಸೇರಿ ತಮ್ಮನ್ನು ತಾವೇ ಸಂತುಲನದಲ್ಲಿ ಇಟ್ಟುಕೊಳ್ಳುತ್ತವೆಂಬುದು ಆ ಸಿದ್ಧಾಂತ. ಕಪ್ಪು, ಬಿಳಿ ಹೂಗಳು ಮಾತ್ರ ಇರುವ ಗ್ರಹವೊಂದು ತನ್ನ ಉಷ್ಣತೆಯನ್ನು ತಾನೇ ಹದಗೊಳಿಸಿಕೊಳ್ಳುವ ‘ಡೇಸಿವರ್ಲ್ಡ್’ ಮಾದರಿಯೂ ಆಟದೊಳಗಿತ್ತು. ಇಲ್ಲಿ ಆಟಗಾರ ಯಜಮಾನನಲ್ಲ. ಅನಿಲ, ಮಳೆ, ಜೀವಿಗಳ ಸಂಬಂಧವನ್ನು ಕೋಟ್ಯಂತರ ವರ್ಷಗಳ ಅಳತೆಯಲ್ಲಿ ಗಮನಿಸುವವನು. ಸಿಮ್‌ಸಿಟಿಗೆ ದೊರೆತ ಜನಪ್ರಿಯತೆ ಇದಕ್ಕೆ ದೊರೆಯಲಿಲ್ಲ. ಕಟ್ಟುವ ಸುಖಕ್ಕೆ ಒಗ್ಗಿದ ಕೈಗೆ ಕಾಯುವ ಕೆಲಸ ರುಚಿಸುವುದು ಕಷ್ಟ.

ಲೆಕ್ಕದಿಂದ ಬಿಟ್ಟುಹೋದವು

ಸಿಡ್ ಮೈಯರ್ 1991ರಲ್ಲಿ ಹೊರತಂದ ‘ಸಿವಿಲೈಸೇಶನ್’ ಈ ಬಗೆಯ ಆಟಗಳಲ್ಲಿ ಅತ್ಯಂತ ಪ್ರಭಾವಶಾಲಿಯಾದುದು. ಶಿಲಾಯುಗದ ಗುಂಪೊಂದನ್ನು ಬಾಹ್ಯಾಕಾಶ ಯುಗದವರೆಗೆ ನಡೆಸುವುದು ಅದರ ಗುರಿ. ರಿಯೊ ಭೂ ಶೃಂಗಸಭೆಗೆ ಒಂದು ವರ್ಷ ಮೊದಲೇ ಭೂಮಿ ಬಿಸಿಯಾಗುವುದನ್ನು ಈ ಆಟ ತನ್ನ ನಿಯಮಗಳಲ್ಲಿ ಸೇರಿಸಿತ್ತೆಂಬುದು ಶ್ಲಾಘನೀಯ. ಕಾರ್ಖಾನೆಗಳ ಮಾಲಿನ್ಯವನ್ನು ತೆರವುಗೊಳಿಸದೆ ಬಿಟ್ಟರೆ ಒಳನಾಡಿನ ಫಲವತ್ತಾದ ನೆಲ ಒಣಗಿ ಮರುಭೂಮಿಯಾಗುತ್ತದೆ. ಕರಾವಳಿಯ ನೆಲ ಜೌಗು ಮತ್ತು ದಟ್ಟ ಕಾಡಾಗುತ್ತದೆ.

ಈ ಕೊನೆಯ ಮಾತನ್ನು ಮತ್ತೊಮ್ಮೆ ಗಮನಿಸಬೇಕು. ಕಾಡು ಮತ್ತು ಜೌಗು ಇಲ್ಲಿ ಶಿಕ್ಷೆಯ ರೂಪದಲ್ಲಿ ಬರುತ್ತವೆ. ಆಟದ ಭೂಮಿಯ ಪಟ್ಟಿಯಲ್ಲಿ ಇವೆರಡೂ ಅತಿ ಕಡಿಮೆ ಫಲ ನೀಡುವ ನೆಲಗಳು. ಜಾಣ ಆಟಗಾರ ಮೊದಲ ಅವಕಾಶದಲ್ಲಿಯೇ ಅವನ್ನು ಕಡಿದು, ಬಸಿದು ಗದ್ದೆ ಮಾಡುತ್ತಾನೆ. ಸಿದ್ದಾಪುರ ಸೀಮೆಯ ಕತ್ತಲೆಕಾನಿನಲ್ಲಿರುವ ರಾಮಪತ್ರೆ ಜಡ್ಡಿಯನ್ನು ಈ ಪಟ್ಟಿಯಲ್ಲಿ ಇಟ್ಟರೆ ಅದು ‘ಕಾಡು’ ಮತ್ತು ‘ಜೌಗು’ ಎರಡೂ ಆಗಿ ಇಮ್ಮಡಿ ನಿರುಪಯುಕ್ತವೆನಿಸುತ್ತದೆ. ನೆಲದಿಂದ ಮೊಣಕಾಲಿನಂತೆ ಮೇಲೆದ್ದ ಬೇರುಗಳ ನಡುವೆ ನೀರು ಹಿಡಿದಿಟ್ಟು, ಬೇಸಿಗೆಯಲ್ಲಿಯೂ ಹಳ್ಳ ಹರಿಸುವ ಆ ಪ್ರಾಚೀನ ಜೀವಾವಾಸದ ಕೆಲಸಕ್ಕೆ ಆಟದಲ್ಲಿ ಅಂಕಣವೇ ಇಲ್ಲ. ಅಂಕಣವಿಲ್ಲದ್ದರಿಂದ ಬೆಲೆಯೂ ಇಲ್ಲ.

ಅಣೆಕಟ್ಟಿನ ಕಥೆಯೂ ಇದೇ. ಸಿವಿಲೈಸೇಶನ್ ಆಟದಲ್ಲಿ ಅಮೆರಿಕದ ಹೂವರ್ ಅಣೆಕಟ್ಟು ಜಗತ್ತಿನ ಅದ್ಭುತಗಳಲ್ಲೊಂದು. ಕಟ್ಟಿದವನ ನಗರಗಳಿಗೆ ಜಲವಿದ್ಯುತ್ತಿನ ಲಾಭ. ಉತ್ಪಾದನೆ ಏರುತ್ತದೆ, ಮಾಲಿನ್ಯ ಇಳಿಯುತ್ತದೆ. ಭೂಪಟದ ಒಂದು ಚೌಕವೂ ಮುಳುಗುವುದಿಲ್ಲ. ಒಂದು ಮನೆಯೂ ಖಾಲಿಯಾಗುವುದಿಲ್ಲ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಆರು ದಶಕಗಳ ಬಳಿಕವೂ ಮುಳುಗಡೆ ಸಂತ್ರಸ್ತರ ಭೂಮಿಹಕ್ಕಿನ ಪ್ರಶ್ನೆ ಸಾಗರ ಸೀಮೆಯಲ್ಲಿ ಜೀವಂತವಾಗಿದೆ. ಆ ನಷ್ಟ ದಾಖಲಾದದ್ದು ಯೋಜನೆಯ ಲೆಕ್ಕಪತ್ರಗಳಿಗಿಂತ ಹೆಚ್ಚಾಗಿ ನಾ. ಡಿಸೋಜ ಅವರ ಕಾದಂಬರಿಗಳಲ್ಲಿ. ಸಿವಿಲೈಸೇಶನ್ ಸರಣಿಯ ಆರನೆಯ ಆಟಕ್ಕೆ 2019ರಲ್ಲಿ ಸೇರಿದ ಭಾಗದಲ್ಲಿ ಇಂಗಾಲದ ಲೆಕ್ಕ, ಏರುವ ಸಮುದ್ರ, ನದಿಯ ಪ್ರವಾಹಗಳೆಲ್ಲ ಬಂದಿವೆ. ಅಲ್ಲಿಯೂ ಅಣೆಕಟ್ಟು ಪ್ರವಾಹ ತಡೆಯುವ ರಕ್ಷಕನೇ. ಸಮುದ್ರ ನೆಲವನ್ನು ನುಂಗುವುದನ್ನು ತೋರಿಸಬಲ್ಲ ಆಟ ಜಲಾಶಯ ನೆಲವನ್ನು ನುಂಗುವುದನ್ನು ತೋರಿಸುವುದಿಲ್ಲ.

ಮೂರನೆಯ ಉದಾಹರಣೆ ಗಣಿಯದು. ಝೆಕ್ ದೇಶದ ನಿರ್ಮಾಪಕರ ‘ಫ್ಯಾಕ್ಟೋರಿಯೊ’ 2020ರಲ್ಲಿ ಪೂರ್ಣರೂಪದಲ್ಲಿ ಬಂತು. ಅನ್ಯಗ್ರಹವೊಂದರಲ್ಲಿ ಸಿಲುಕಿದ ಎಂಜಿನಿಯರ್ ಅದಿರು ತೆಗೆದು, ಕಾರ್ಖಾನೆಗಳ ಜಾಲ ಕಟ್ಟಿ, ಕೊನೆಗೆ ರಾಕೆಟ್ ಹಾರಿಸಬೇಕು. ಮಾಲಿನ್ಯದ ವಿಷಯದಲ್ಲಿ ಇಷ್ಟು ಪ್ರಾಮಾಣಿಕವಾದ ಆಟ ಅಪರೂಪ. ಪ್ರತಿ ಯಂತ್ರದ ಹೊಗೆಯೂ ಲೆಕ್ಕಕ್ಕೆ ಸೇರುತ್ತದೆ. ಹೊಗೆಯ ಮೋಡ ಭೂಪಟದ ಮೇಲೆ ಕೆಂಪಾಗಿ ಹರಡುತ್ತದೆ. ಮರಗಳು ಅದನ್ನು ಹೀರುತ್ತ ಎಲೆ ಕಳೆದುಕೊಳ್ಳುತ್ತವೆ. ಮರಗಳನ್ನು ದಾಟಿದ ಹೊಗೆ ಮೂಲನಿವಾಸಿ ಜೀವಿಗಳ ಗೂಡುಗಳನ್ನು ತಲುಪಿದಾಗ ಅವು ಕಾರ್ಖಾನೆಯ ಮೇಲೆ ದಾಳಿಗಿಳಿಯುತ್ತವೆ. ಮರ ಉಳಿಸಿಕೊಂಡವನಿಗೆ ದಾಳಿ ತಡವಾಗುತ್ತದೆಂಬುದನ್ನು ಆಟಗಾರ ಅನುಭವದಿಂದಲೇ ಕಲಿಯುತ್ತಾನೆ.

ಆದರೆ ದಾಳಿಗೆ ಆಟ ಮುಂದಿಡುವ ಪ್ರಧಾನ ಪರಿಹಾರ ಬಂದೂಕು ಮತ್ತು ಗೋಡೆ. ನೆಲದವರ ಪ್ರತಿಭಟನೆ ಕಾನೂನು ಸುವ್ಯವಸ್ಥೆಯ ಸಮಸ್ಯೆಯಾಗಿಬಿಡುತ್ತದೆ. ಮಾಲಿನ್ಯದ ಲೆಕ್ಕವೇ ಬೇಡವೆನ್ನುವವರು ಆರಂಭದಲ್ಲಿಯೇ ಅದನ್ನು ಪೂರ್ತಿ ನಿಲ್ಲಿಸಿ ಆಡುವ ಅವಕಾಶವೂ ಇದೆ. ಅದಿರು ಮುಗಿದ ಜಾಗ ಸಮತಟ್ಟಾದ ಸ್ವಚ್ಛ ನೆಲವಾಗಿ ಉಳಿಯುತ್ತದೆ. ಆಟಗಾರ ಮುಂದಿನ ನಿಕ್ಷೇಪಕ್ಕೆ ಸಾಗುತ್ತಾನೆ. ಕುದುರೆಮುಖದಲ್ಲಿ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಕೊನೆಗೆ ನಿಂತಿತು. ಅದಿರು ತೊಳೆದ ಕೆಸರು ಮಾತ್ರ ಲಕ್ಯಾ ಅಣೆಕಟ್ಟಿನ ಹಿಂದೆ ಬೆಟ್ಟಗಳ ನಡುವೆ ಉಳಿದಿದೆ. ಗಣಿಯ ಆಯುಷ್ಯಕ್ಕಿಂತ ಅದರ ಶೇಷದ ಆಯುಷ್ಯ ದೀರ್ಘವೆಂಬ ಈ ಸಾಮಾನ್ಯ ಸತ್ಯ ಫ್ಯಾಕ್ಟೋರಿಯೊದ ಮೂಲ ಆಟದ ಲೆಕ್ಕದಲ್ಲಿಲ್ಲ.

ಲೆಕ್ಕವನ್ನು ತಿದ್ದಿದವರು

ಲೆಕ್ಕ ಹೀಗೆಯೇ ಇರಬೇಕೆಂಬ ವಿಧಿಯೇನಿಲ್ಲ. ಅದನ್ನು ತಿದ್ದಿದ ಆಟಗಳೂ ಇವೆ. 1999ರ ‘ಆಲ್ಫಾ ಸೆಂಟಾರಿ’ಯಲ್ಲಿ ಮಾನವರು ನೆಲೆಸಲು ಹೋದ ಗ್ರಹವೇ ಒಂದು ಜೀವಿ. ನೆಲವನ್ನು ಅತಿಯಾಗಿ ಬಗೆದವರ ಮೇಲೆ ಅದು ತಿರುಗಿಬೀಳುತ್ತದೆ. ಅದರೊಡನೆ ಹೊಂದಿಕೊಂಡು ಬಾಳುವ ಪಂಗಡಕ್ಕೆ ಕೆಂಪು ಶಿಲೀಂಧ್ರದ ಹೊಲವೂ ಅನ್ನ ನೀಡುತ್ತದೆ. ಉಳಿದ ಆಟಗಳಲ್ಲಿ ಪಾಳುನೆಲವೆನಿಸುವುದು ಇಲ್ಲಿ ಸಂಪತ್ತು.

2018ರಿಂದ ಆಟಗಾರರಿಗೆ ಲಭ್ಯವಾದ ‘ಇಕೋ’ ಎಂಬ ಆಟ ಇನ್ನೂ ಮುಂದೆ ಹೋಗುತ್ತದೆ. ಅನೇಕರು ಒಂದೇ ಲೋಕದಲ್ಲಿ ಕೂಡಿ ಬದುಕಬೇಕು. ಮೂವತ್ತು ದಿನಗಳಲ್ಲಿ ಉಲ್ಕೆಯೊಂದು ಬಂದು ಅಪ್ಪಳಿಸಲಿದೆ. ಅದನ್ನು ತಡೆಯಲು ತಂತ್ರಜ್ಞಾನ ಬೇಕು. ತಂತ್ರಜ್ಞಾನಕ್ಕಾಗಿ ಮರ, ಅದಿರು ಬೇಕು. ಮಿತಿಮೀರಿ ಬಳಸಿದರೆ ಉಲ್ಕೆ ಬರುವ ಮೊದಲೇ ಜೀವಜಾಲ ಕುಸಿಯುತ್ತದೆ. ಆದ್ದರಿಂದ ಆಟಗಾರರು ಗಿಡಮರ, ಪ್ರಾಣಿಗಳ ಸಂಖ್ಯೆಯ ಅಂಕಿಅಂಶ ಮುಂದಿಟ್ಟು ಚರ್ಚಿಸಿ, ಮತ ಹಾಕಿ, ಕಾಯಿದೆ ಮಾಡಿಕೊಳ್ಳಬೇಕು. ಯಾವ ಮರವನ್ನು ಎಲ್ಲಿ, ಎಷ್ಟು ಕಡಿಯಬಹುದೆಂಬುದು ಸಭೆಯ ತೀರ್ಮಾನ. ಸಾಮೂಹಿಕ ಸಂಪತ್ತು ಅನಿವಾರ್ಯವಾಗಿ ನಾಶವಾಗುತ್ತದೆಂಬ ವಾದವನ್ನು ತಳ್ಳಿ, ಜನ ತಾವೇ ನಿಯಮ ಮಾಡಿಕೊಂಡು ಅದನ್ನು ಉಳಿಸಿಕೊಳ್ಳಬಲ್ಲರೆಂದು ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ನೊಬೆಲ್ ಪುರಸ್ಕಾರ ಬಂತು. ಅಡಿಕೆ ತೋಟಕ್ಕೆ ಸೊಪ್ಪಿನಬೆಟ್ಟವನ್ನು ನೆಚ್ಚಿದವರಿಗೆ ಈ ಪಾಠ ಹೊಸದಲ್ಲ. ಹಿತಮಿತ ತಪ್ಪಿದ ಬೆಟ್ಟ ಬೋಳಾದದ್ದನ್ನೂ ಅವರು ಕಂಡಿದ್ದಾರೆ.

ದಕ್ಷಿಣ ಆಫ್ರಿಕದ ನಿರ್ಮಾಪಕರು 2023ರಲ್ಲಿ ತಂದ ‘ಟೆರಾ ನಿಲ್’ ನಗರ ನಿರ್ಮಾಣದ ಆಟಗಳನ್ನು ತಲೆಕೆಳಗು ಮಾಡಿತು. ಸತ್ತ ನೆಲವನ್ನು ಶುದ್ಧಗೊಳಿಸಿ, ಹುಲ್ಲು, ಜೌಗು, ಕಾಡುಗಳನ್ನು ಮರಳಿ ತಂದ ಮೇಲೆ ಆಟಗಾರ ತಾನು ನೆಟ್ಟ ಯಂತ್ರಗಳನ್ನೆಲ್ಲ ಕಳಚಿಕೊಂಡು ಆ ಜಾಗವನ್ನು ಬಿಟ್ಟು ಹೊರಡಬೇಕು. ಏನೂ ಉಳಿಸದೆ ಹೋಗುವುದೇ ಗೆಲುವು. ಇಲ್ಲಿಯೂ ಎರಡು ಆಕ್ಷೇಪಗಳಿಗೆ ಎಡೆಯಿದೆ. ತಲೆಮಾರುಗಳು ಹಿಡಿಯುವ ಕಾಡಿನ ಮರುಹುಟ್ಟು ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ಆ ನೆಲದಲ್ಲಿ ಮನುಷ್ಯರೇ ಇಲ್ಲ. ಕಾಡನ್ನು ಉಳಿಸಲು ಕಾಡಿನವರನ್ನು ಹೊರಗಿಡಬೇಕೆಂಬ ಹಳೆಯ ಅರಣ್ಯನೀತಿಯ ನೆರಳು ಇದರಲ್ಲಿ ಕಾಣುತ್ತದೆ.

ಆ ಕೊರತೆಯಿಲ್ಲದ ಸಣ್ಣ ಆಟವೆಂದರೆ 2020ರ ‘ಆಲ್ಬಾ’. ಅಜ್ಜ ಅಜ್ಜಿಯ ಮನೆಗೆ ಬಂದ ಬಾಲಕಿಯೊಬ್ಬಳು ಮೆಡಿಟರೇನಿಯನ್ ದ್ವೀಪದ ಹಕ್ಕಿಗಳನ್ನು ಗುರುತಿಸಿ ಚಿತ್ರ ತೆಗೆಯುತ್ತಾಳೆ, ಕಸ ಹೆಕ್ಕುತ್ತಾಳೆ, ಮುರಿದ ಸೇತುವೆ ಸರಿಪಡಿಸುತ್ತಾಳೆ. ಬೆಂಕಿಗೆ ಸಿಕ್ಕಿದ ಸಂರಕ್ಷಿತ ತಾಣದಲ್ಲಿ ಐಷಾರಾಮಿ ಹೋಟೆಲು ಕಟ್ಟಲು ಹೊರಟ ಊರಿನ ಮುಖ್ಯಸ್ಥನ ವಿರುದ್ಧ ಮನೆಮನೆಗೆ ಹೋಗಿ ಸಹಿ ಸಂಗ್ರಹಿಸುತ್ತಾಳೆ. ಒಂದು ಸಹಿಯ ಹಿಂದೆ ಒಂದು ಉಪಕಾರವೋ ಒಂದು ಪರಿಚಯವೋ ಇರುತ್ತದೆ. ಮನವಿಪತ್ರ ಹಿಡಿದು ಊರೂರು ತಿರುಗಿದ ಕಾರ್ಯಕರ್ತರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

ಪೆಟ್ಟಿಗೆಯೊಳಗಿನ ಅದಿರು

ಆಟದ ಒಳಗಿನ ಲೆಕ್ಕದಂತೆ ಆಟ ನಡೆಯುವ ಯಂತ್ರಕ್ಕೂ ಒಂದು ಲೆಕ್ಕವಿದೆ. ಪರದೆಯ ಮೇಲಿನ ಹಸಿರು ಕಾಡು ಬೆಳಗುವುದು ಎಲ್ಲಿಂದಲೋ ಬಂದ ವಿದ್ಯುತ್ತಿನಿಂದ. ಅದನ್ನು ಮೂಡಿಸುವ ಮಂಡಲಗಳಲ್ಲಿ ಟ್ಯಾಂಟಲಮ್‌ನಂಥ ವಿರಳ ಲೋಹಗಳಿವೆ. ಮೊಬೈಲ್, ಆಟದ ಯಂತ್ರಗಳಂಥ ವಿದ್ಯುನ್ಮಾನ ಸಾಧನಗಳಿಂದ ಬೇಡಿಕೆ ಏರಿದ 2000ದಲ್ಲಿ ಟ್ಯಾಂಟಲಮ್ ಬೆಲೆ ಹಲವು ಪಟ್ಟು ಹೆಚ್ಚಿತು. ಅದರ ಅದಿರಾದ ಕೋಲ್ಟಾನ್‌ಗಾಗಿ ಪೂರ್ವ ಕಾಂಗೋದ ಕಾಹುಜಿ-ಬಿಯೆಗಾ ರಾಷ್ಟ್ರೀಯ ಉದ್ಯಾನದೊಳಗೂ ಗಣಿಗಳು ನುಗ್ಗಿದವು. ಗಣಿಗಾರರ ಆಹಾರಕ್ಕಾಗಿ ಬೇಟೆ ಹೆಚ್ಚಿತು. ಅಲ್ಲಿಯ ಗೊರಿಲ್ಲಾಗಳ ಸಂಖ್ಯೆ ತೀವ್ರವಾಗಿ ಕುಸಿಯಿತು. ಸಶಸ್ತ್ರ ಗುಂಪುಗಳು ಈ ಅದಿರಿನ ಹಣದಲ್ಲಿ ಯುದ್ಧ ನಡೆಸುತ್ತಿರುವುದನ್ನು ವಿಶ್ವಸಂಸ್ಥೆಯ ತಜ್ಞರ ಸಮಿತಿ 2001ರಲ್ಲಿ ವರದಿ ಮಾಡಿತು. ಅಂಥ ಖನಿಜಗಳ ಮೂಲವನ್ನು ಕಂಪನಿಗಳು ಬಹಿರಂಗಪಡಿಸಬೇಕೆಂಬ ವಿಧಿಯನ್ನು ಅಮೆರಿಕ 2010ರಲ್ಲಿ ಕಾನೂನಿಗೆ ಸೇರಿಸಿತು. ನಿಸರ್ಗಪ್ರೇಮದ ಕಥೆ ಹೇಳುವ ಆಟವೂ ಈ ಪೆಟ್ಟಿಗೆಯೊಳಗಿನಿಂದಲೇ ಮಾತನಾಡಬೇಕು. ಹರಳುಗಟ್ಟಿದ ಮಾಕೋ ಕೇವಲ ಕಲ್ಪನೆಯ ಪದಾರ್ಥವಲ್ಲ.

ಕಚೇರಿಯ ಕಡತ, ಶಾಲೆಯ ಹಲಗೆ

ಕೊನೆಯದಾಗಿ, ಇದನ್ನೆಲ್ಲ ಇಷ್ಟು ಗಂಭೀರವಾಗಿ ವಿಚಾರಿಸಬೇಕೇ ಎಂಬ ಪ್ರಶ್ನೆ. ಆಟದ ಪಟ್ಟಿಯಲ್ಲಿ ಕಾಡಿಗೆ ಎಷ್ಟು ಅಂಕವೆಂದು ಯಾರೋ ನಿರ್ಮಾಪಕ ನಿರ್ಧರಿಸಿದಂತೆಯೇ ಆಡಳಿತದ ಕಡತದಲ್ಲಿಯೂ ಕಾಡಿಗೆ ಒಂದು ಅಂಕಿಯಿದೆ. ಅರಣ್ಯಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಿಟ್ಟುಕೊಡುವಾಗ ತೆರಬೇಕಾದ ನಿವ್ವಳ ಪ್ರಸ್ತುತ ಮೌಲ್ಯವನ್ನು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಕಾಡಿನ ಬಗೆಯನ್ನು ಅನುಸರಿಸಿ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿಗಳೆಂದು ನಿಗದಿಪಡಿಸಿತ್ತು; ಮುಂದೆ ಆ ದರಗಳು ಪರಿಷ್ಕೃತವಾದವು. ಏನೂ ಇಲ್ಲದಿದ್ದ ಕಡೆ ಒಂದು ಬೆಲೆ ಬಂದದ್ದು ಮುನ್ನಡೆಯೇ ಸರಿ. ಆದರೆ ಅಂಕಣದಲ್ಲಿ ಹಣ ತುಂಬಿದ ಕೂಡಲೇ ಕಡತ ಮುಂದೆ ಸರಿಯುತ್ತದೆ. ಇನ್ನೆಲ್ಲೋ ಸಸಿ ನೆಟ್ಟರೆ ಕಾಡು ಸಮವಾಯಿತೆಂಬ ಭಾವನೆ ಬಲಿಯುತ್ತದೆ. ಸಾವಿರ ಸಲ ಕಾಡನ್ನು ಕಡಿದು ಅಂಕ ಪಡೆದ ಕೈಗೆ ಇದು ಸಹಜವೆನಿಸುತ್ತದೆ. ನಾಳೆ ಆ ಕುರ್ಚಿಯಲ್ಲಿ ಕೂರುವವರು ಇಂದು ಪರದೆಯ ಮುಂದೆ ಕೂತಿರುವ ಮಕ್ಕಳು. ಆಟದಲ್ಲಿ ತಪ್ಪಾದರೆ ಹಿಂದೆ ಉಳಿಸಿಟ್ಟ ಹಂತಕ್ಕೆ ಮರಳಬಹುದು. ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಬಂದಾಗ ಆ ಅನುಕೂಲ ಯಾರಿಗೂ ಇರುವುದಿಲ್ಲ.

ಆದ್ದರಿಂದ ಆಟಗಳನ್ನು ನಿಷೇಧಿಸುವ ಮಾತಿಗಿಂತ ಅವುಗಳನ್ನು ಓದಲು ಕಲಿಸುವ ಕೆಲಸ ಮುಖ್ಯ. ಅದಕ್ಕೆ ದುಬಾರಿ ಸಲಕರಣೆಗಳು ಬೇಕಿಲ್ಲ. ಮಗು ಆಡುವ ಆಟ ಯಾವುದೇ ಇರಲಿ, ಅದರ ಮುಂದೆ ನಾಲ್ಕು ಪ್ರಶ್ನೆಗಳನ್ನಿಟ್ಟರೆ ಸಾಕು. ಇಲ್ಲಿ ಯಾವುದಕ್ಕೆ ಅಂಕ ಸಿಗುತ್ತದೆ? ಕಟ್ಟುವ ಮೊದಲು ಆ ಜಾಗದಲ್ಲಿ ಏನಿತ್ತು, ಯಾರಿದ್ದರು? ತ್ಯಾಜ್ಯ ಎಲ್ಲಿಗೆ ಹೋಯಿತು? ಬೇಡವೆನ್ನುವವರಿಗೆ ಹೇಳಲು ಅವಕಾಶವಿದೆಯೇ?

ಶಾಲೆಯ ಪರಿಸರ ಸಂಘಗಳು ಇನ್ನೊಂದು ಹೆಜ್ಜೆ ಮುಂದಿಡಬಹುದು. ಸಿವಿಲೈಸೇಶನ್ ಆಟದ ನೆಲದ ಪಟ್ಟಿಯನ್ನು ಕಪ್ಪುಹಲಗೆಯ ಮೇಲೆ ಬರೆದು, ಮಕ್ಕಳೇ ತಮ್ಮ ಊರಿಗೆ ತಕ್ಕಂತೆ ತಿದ್ದಲಿ. ಕಾನು, ಸೊಪ್ಪಿನಬೆಟ್ಟ, ಹುಲ್ಲುಬ್ಯಾಣ, ಕೆರೆ, ಜಡ್ಡಿ, ಗದ್ದೆ, ತೋಟ ಎಂದು ಒಂದೊಂದು ಸಾಲು. ಒಂದೊಂದರಿಂದ ನೀರೆಷ್ಟು, ಜೇನೆಷ್ಟು, ಗೊಬ್ಬರವೆಷ್ಟು, ಮದ್ದಿನ ಗಿಡಗಳು ಯಾವುವು ಎಂಬುದನ್ನು ಮನೆಯ ಹಿರಿಯರಲ್ಲಿ, ಕಾಡಿಗೆ ಹೋಗಿಬರುವ ಹೆಂಗಸರಲ್ಲಿ ವಿಚಾರಿಸಿ ಅಂಕ ಹಾಕಲಿ. ಯಾವುದಕ್ಕೆ ಅಂಕ ಹಾಕಲು ಬರುವುದಿಲ್ಲವೋ ಅದನ್ನೂ ಪಟ್ಟಿಯಲ್ಲಿ ಬರೆದಿಡಲಿ. ಆ ಪಟ್ಟಿ ಊರಿನ ಜೀವವೈವಿಧ್ಯ ದಾಖಲಾತಿಗೂ ಒದಗಬಹುದು, ಮುಂದೆಂದಾದರೂ ಯೋಜನೆಯೊಂದರ ಸಾರ್ವಜನಿಕ ಅಹವಾಲು ಸಭೆ ನಡೆದಾಗ ಗ್ರಾಮಸ್ಥರ ಕೈಯಲ್ಲಿ ದಾಖಲೆಯಾಗಿಯೂ ನಿಲ್ಲಬಹುದು.

ಬರುವ ಮಳೆಗಾಲದ ಮೊದಲು ಹತ್ತು ಶಾಲೆಗಳಲ್ಲಾದರೂ ಈ ಕೆಲಸ ಆರಂಭವಾಗಲಿ ಎಂಬ ಸಲಹೆಯನ್ನು ಸಭೆಯ ಮುಂದಿಟ್ಟು ಈ ಉಪನ್ಯಾಸ ಮುಕ್ತಾಯವಾಗುತ್ತದೆ.